ಪಿಸ್ತೂಲಿಗೆ ಕಪ್ಪು ಏರಿಸಿದವರು

ಸಂಘದ ಕಾರ್ಯದರ್ಶಿ ಮನೆಗೆ ಬಂದು ಒಂದು ಬಿಳಿ ಹಾಳೆ ಕೊಟ್ಟು ಹೋಗಿದ್ದಾರೆ. ವರ್ಷದ ಸಂಚಿಕೆಗೆ, ಈಚೆಗೆ ತೀರಿಹೋದ ನಮ್ಮ ಡ್ರೈವರ ಬಗ್ಗೆ ನಾಲ್ಕು ಮಾತು ಬರೆಯಬೇಕಂತೆ. "ಆಂಟಿ, ಕುವೈತಿನಲ್ಲಿ ಅವರಿಗೆ ನಿಮಗಿಂತ ಹತ್ತಿರದವರು ಯಾರಿದ್ದರು?" ಅಂದರು. ಒಂದು ಹಾಳೆ ಸಾಲುವುದಿಲ್ಲ ಅಂತ ಆಗಲೇ ಹೇಳಿದೆ. ಅವರು ನಕ್ಕರು. ಈಗ ಮೊಮ್ಮಗಳ ಹಳೆ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ನಾನು ಕಲಿತದ್ದು ನಾಲ್ಕನೇ ಕ್ಲಾಸು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ವಿಷಯ ತಿದ್ದಬೇಡಿ.

ಶ್ರದ್ಧಾಂಜಲಿ ಸಭೆಗೆ ನಾನೂ ಹೋಗಿದ್ದೆ. ಖೈತಾನಿನ ಆ ಹಾಲಿನಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಒಬ್ಬರು ಎದ್ದು ತನ್ನ ಹೆಂಡತಿಯ ಹೊಲಿಗೆ ಮಿಷನ್ನಿಗೆ ಅವರು ಜೀವ ಕೊಟ್ಟ ಕತೆ ಹೇಳಿದರು. ಇನ್ನೊಬ್ಬರು ಕುಕ್ಕರಿನ ಕತೆ. ಮತ್ತೊಬ್ಬರು, ಊರಿಂದ ತಂದ ಕಬ್ಬಿಣದ ಕಾವಲಿ ತುಕ್ಕು ಹಿಡಿದು ಎಸೆಯುವ ಹಾಗೆ ಆಗಿದ್ದಾಗ ಅದನ್ನು ಒಂದು ವಾರ ಇಟ್ಟುಕೊಂಡು ಕನ್ನಡಿ ಮಾಡಿ ಕೊಟ್ಟದ್ದು. ಎಲ್ಲ ನಿಜ. ಒಂದೂ ಸುಳ್ಳಲ್ಲ. ನನ್ನನ್ನು ಮಾತಾಡಿ ಅಂದಾಗ ಗಂಟಲು ಸರಿ ಇಲ್ಲ ಅಂದೆ. ಅದು ಸುಳ್ಳು.

ನಾವಿಬ್ಬರು ರುಮೈಥಿಯಾದಲ್ಲಿ ಒಂದೇ ಮನೆಯಲ್ಲಿ ದುಡಿದವರು. ನಾನು ಅಡುಗೆಗೆ ಮತ್ತು ಮಕ್ಕಳಿಗೆ, ಅವರು ಕಾರಿಗೆ. ಮನೆಯ ಯಜಮಾನರನ್ನು ನಾವು ಬಾಬಾ ಅನ್ನುತ್ತಿದ್ದೆವು, ಯಜಮಾನಿಯನ್ನು ಮಾಮಾ. ನಾನು ಅಲ್ಲಿಗೆ ಬಂದು ಏಳು ವರ್ಷ ಕಳೆದ ಮೇಲೆ ಅವರು ಬಂದದ್ದು. ವಿಮಾನ ಇಳಿದು ಗೇಟಿನ ಒಳಗೆ ಕಾಲಿಟ್ಟವರು ಪೆಟ್ಟಿಗೆ ಕೆಳಗಿಟ್ಟು ನೇರ ನಲ್ಲಿಯ ಹತ್ತಿರ ಹೋದರು. ಮೊಣಕೈವರೆಗೆ ಕೈ ತೊಳೆದರು. ಉಗುರಿನ ಸಂದಿಯನ್ನೂ ಬಿಡಲಿಲ್ಲ. ಆಮೇಲೆ ಚಹಾಕ್ಕೆ ಕೈ ಚಾಚಿದರು. ಇವರು ಡ್ರೈವರಾ ಡಾಕ್ಟರಾ ಅಂತ ನನಗೆ ಸಂಶಯ ಬಂತು.

ಅವರು ಕೊಡಗಿನವರು, ವಿರಾಜಪೇಟೆ ಕಡೆ. ಅಜ್ಜ ಕೋವಿ ರಿಪೇರಿ ಮಾಡುತ್ತಿದ್ದವರು, ಕೆಲಸ ಕಲಿತದ್ದು ಅಜ್ಜನ ಹತ್ತಿರ. ಅಲ್ಲಿ ಕೈಲ್‌ಪೋದ್ ಅಂತ ಒಂದು ಹಬ್ಬ ಉಂಟಂತೆ. ಆ ದಿನ ಮನೆಯ ಕೋವಿಗಳನ್ನೆಲ್ಲ ತೊಳೆದು ಒರೆಸಿ, ಹೂ ಮುಡಿಸಿ, ಸಾಲಾಗಿ ನಿಲ್ಲಿಸಿ ಕೈ ಮುಗಿಯುತ್ತಾರಂತೆ. ನಮ್ಮಲ್ಲಿ ಕ್ರಿಸ್ಮಸ್ಸಿಗೆ ಹಂದಿಗೆ ಅಷ್ಟೇ ಮರ್ಯಾದೆ ಕೊಡುತ್ತೇವೆ, ಆದರೆ ಬೇಯಿಸಿದ ಮೇಲೆ ಅಂತ ನಾನು ಹೇಳಿದೆ. ಅವರು ನಕ್ಕರು. ಅವರು ನಗುವಾಗ ಸದ್ದು ಬರುತ್ತಿರಲಿಲ್ಲ. ಭುಜ ಮಾತ್ರ ಅಲ್ಲಾಡುತ್ತಿತ್ತು.

ನನ್ನನ್ನು ಅಕ್ಕ ಅಂತ ಕರೆಯುತ್ತಿದ್ದರು. ಪಾಸ್‌ಪೋರ್ಟ್ ನೋಡಿದರೆ ನನಗಿಂತ ಎರಡು ವರ್ಷ ದೊಡ್ಡವರು. ಹಾಗೆ ಹೇಳಿದ್ದಕ್ಕೆ, "ಅನ್ನ ಬಡಿಸುವವರೆಲ್ಲ ಅಕ್ಕಂದಿರೇ" ಅಂದರು. ನನಗೆ ಒಡಹುಟ್ಟಿದ ತಮ್ಮ ಇಲ್ಲ. ಆ ಮಾತು ಹಿಡಿಸಿತು. ಹಿಡಿಸಿದ್ದು ನನ್ನ ದಡ್ಡತನ ಅಂತ ಈಗ ಅನ್ನಿಸುತ್ತದೆ, ಆದರೆ ಆಗ ಹಿಡಿಸಿದ್ದು ಹೌದು.

ಅವರು ಯಾವ ಸಾಮಾನನ್ನೂ ಇಡೀ ಅಂಗೈಯಲ್ಲಿ ಹಿಡಿಯುತ್ತಿರಲಿಲ್ಲ. ಫೋಟೋ ಹಿಡಿಯುವ ಹಾಗೆ ಅಂಚಿನಲ್ಲಿ ಎರಡು ಬೆರಳಿಂದ ಹಿಡಿಯುವುದು. ಸ್ಟೀಲ್ ಲೋಟವನ್ನೂ ಹಾಗೆಯೇ. ಕೈಯಲ್ಲಿ ಯಾವುದಾದರೂ ಕೆಲಸ ಇದ್ದ ದಿನ ಅನ್ನವನ್ನು ಚಮಚದಲ್ಲಿ ತಿನ್ನುತ್ತಿದ್ದರು, ಮೀನು ಬೇಡ ಅನ್ನುತ್ತಿದ್ದರು. ಮೀನಿನ ಎಣ್ಣೆ ಸಾಬೂನಿಗೆ ಬಗ್ಗುವುದಿಲ್ಲ ಅಂತ. ಯಾರಾದರೂ ಅವಸರ ಮಾಡಿದರೆ ಒಂದೇ ಮಾತು: "ಲೋಹಕ್ಕೆ ನೆನಪು ಉಂಟು ಅಕ್ಕ. ಇವತ್ತು ನೀವು ಮಾಡಿದ್ದನ್ನು ಅದು ಎಷ್ಟೋ ವರ್ಷದ ನಂತರ ತೋರಿಸ್ತದೆ."

ಪಿಸ್ತೂಲು ಬಾಬಾರ ತಂದೆಯದ್ದು. ಅವರು ಪೊಲೀಸಿನಲ್ಲಿ ದೊಡ್ಡ ಹುದ್ದೆಯಲ್ಲಿ ಇದ್ದವರಂತೆ. ಲೈಸೆನ್ಸು ಎಲ್ಲ ಇತ್ತು. ಗಂಡಸರು ಕೂತು ಚಹಾ ಕುಡಿಯುವ ಮುಂದಿನ ಕೋಣೆ, ದಿವಾನಿಯಾ, ಅಲ್ಲಿ ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಇರಾಕಿನವರು ನುಗ್ಗಿದ ವರ್ಷ ಆ ಮುದುಕರು ಅದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಹಿತ್ತಲಿನ ಬೋರೆ ಮರದ ಬುಡದಲ್ಲಿ ಹೂತಿದ್ದರಂತೆ. ಹೂಳುವ ಮೊದಲು ಒಂದು ಮೊಳೆ ತೆಗೆದುಕೊಂಡು ಅದರ ಮೈಮೇಲೆ ತನ್ನ ಹೆಸರು ಗೀಚಿದ್ದರಂತೆ, ತಾನು ಸತ್ತರೆ ಯಾರದ್ದು ಅಂತ ಗೊತ್ತಾಗಲಿ ಅಂತ. ಈ ಹೆಸರಿನ ವಿಷಯ ಆಗ ನನಗೆ ಗೊತ್ತಿರಲಿಲ್ಲ. ಡ್ರೈವರಿಗೂ ಯಾರೂ ಹೇಳಿರಲಿಲ್ಲ. ಮನೆಯವರಿಗೆಲ್ಲ ಗೊತ್ತಿರುವುದನ್ನು ಕೆಲಸದವರಿಗೆ ಯಾರು ಹೇಳುತ್ತಾರೆ?

ಸಮುದ್ರದ ಗಾಳಿಗೆ ಆ ಪಿಸ್ತೂಲು ಕಂದು ಕಂದಾಗಿತ್ತು. ಬಾಬಾರ ಮಗಳ ಮದುವೆ ಬಂತು. ದಿವಾನಿಯಾಕ್ಕೆ ದೊಡ್ಡ ದೊಡ್ಡ ಜನ ಬರುವವರು. ಅಂಗಡಿಗೆ ಕೊಡಲು ಬಾಬಾರಿಗೆ ಮನಸ್ಸಿರಲಿಲ್ಲ. ಡ್ರೈವರ್ ತಾನು ಮನೆಯಲ್ಲೇ ಮಾಡಿ ಕೊಡುತ್ತೇನೆ ಅಂದರು. ಬಾಬಾ ಗುಂಡು ತೆಗೆದರು, ಹಿಡಿಕೆಯ ಮರ ಬಿಚ್ಚಿದರು, ಒಳಗಿನ ಸ್ಪ್ರಿಂಗು ಗಿಸ್ಪ್ರಿಂಗು ಎಲ್ಲ ತನ್ನ ಹತ್ತಿರ ಇಟ್ಟುಕೊಂಡು ಬರೀ ಮೈಯನ್ನು ಒಂದು ಟವೆಲಿನಲ್ಲಿ ಸುತ್ತಿ ಕೊಟ್ಟರು. ಮಗುವನ್ನು ಕೊಡುವ ಹಾಗೆ ಕೊಟ್ಟರು.

ಕೆಲಸ ನಡೆದದ್ದು ನನ್ನ ಅಡುಗೆಮನೆಯಲ್ಲಿ. ಅಲ್ಲಿಯ ಮನೆಗಳಲ್ಲಿ ಮೀನು ಮಾಂಸದ ವಾಸನೆ ಒಳಗೆ ಬರಬಾರದು ಅಂತ ಅಂಗಳದಲ್ಲಿ ಬೇರೆ ಅಡುಗೆಮನೆ ಇರುತ್ತದೆ. ಮೊದಲು ಎರಡು ದಿನ ಉಪ್ಪು ಕಾಗದದಿಂದ ತಿಕ್ಕಿದರು. ಬಾಗಿಲಿನ ಹತ್ತಿರ ಸ್ಟೂಲು ಹಾಕಿಕೊಂಡು, ಒಂದೇ ದಿಕ್ಕಿಗೆ, ಕೂದಲು ಬಾಚಿದ ಹಾಗೆ. ಕಂದು ಹೋಗಿ ಬೆಳ್ಳಿ ಬಂತು. ಆಮೇಲೆ ಅದನ್ನು ಸಾಬೂನಿನಲ್ಲಿ ತೊಳೆದು, ಮತ್ತೆ ಸ್ಪಿರಿಟಿನಲ್ಲಿ ತೊಳೆದು, ಅಂದಿನಿಂದ ಯಾರೂ ಮುಟ್ಟಬಾರದು ಅಂದರು. ತಂತಿಯಲ್ಲಿ ತೂಗುಹಾಕಿ ಏನೋ ಔಷಧ ಹಚ್ಚಿ ಬಚ್ಚಲಿನ ಹಬೆಯಲ್ಲಿ ಬಿಟ್ಟರು. ಬೆಳಗ್ಗೆ ನೋಡಿದರೆ ಬೆಳ್ಳಿಯ ಮೇಲೆಲ್ಲ ಕೆಂಪು ತುಕ್ಕು.

"ಇದೆಂತ ಮಾರಾಯರೆ, ತುಕ್ಕು ತೆಗೆಯಲಿಕ್ಕೆ ಕೊಟ್ಟದ್ದಲ್ಲವಾ ಅವರು?" ಅಂದೆ.

"ಇದು ಒಳ್ಳೆ ತುಕ್ಕು ಅಕ್ಕ. ಕುದಿಸಿದರೆ ಕಪ್ಪಾಗ್ತದೆ. ಈ ಕಪ್ಪು ಮೇಲಿದ್ದರೆ ಕೆಟ್ಟ ತುಕ್ಕು ಒಳಗೆ ಬರುವುದಿಲ್ಲ."

ಕುದಿಸಲಿಕ್ಕೆ ಪಾತ್ರೆ ಬೇಕಲ್ಲ. ನಾನು ಊರಿಂದ ತಂದ ಸಣ್ಣ ಹಂಡೆಯಂಥದ್ದು ಒಂದಿತ್ತು, ಭಾನುವಾರ ಇಡ್ಲಿಯ ಹಾಗಿನ ಸನ್ನ ಬೇಯಿಸುವುದು ಅದರಲ್ಲಿ. ಅದೇ ಬೇಕು ಅಂದರು, ಉದ್ದ ಸರಿ ಹೊಂದುತ್ತದೆ ಅಂತ. ನಾನು ಬೈದೆ. ಆಮೇಲೆ ಕೊಟ್ಟೆ. ನಮ್ಮ ಅಕ್ಕಿಯ ಸನ್ನ ಏಳುವ ಪಾತ್ರೆಯಲ್ಲಿ ಪಿಸ್ತೂಲು ಬೆಂದಿತು. ಕೆಂಪು ಇದ್ದದ್ದು ನೋಡನೋಡುತ್ತ ಕಪ್ಪಾಯಿತು. ನಯವಾದ ಸ್ಟೀಲ್ ನಾರಿನಿಂದ ತಿಕ್ಕಿ ಮತ್ತೆ ಔಷಧ, ಮತ್ತೆ ತುಕ್ಕು, ಮತ್ತೆ ಕುದಿ. ಹೀಗೆ ದಿನಕ್ಕೆ ಒಂದು ಸಲ. ಪ್ರತಿ ಸಲ ಕಪ್ಪು ಇನ್ನಷ್ಟು ಆಳಕ್ಕೆ ಇಳಿಯುತ್ತಿತ್ತು. ನಾನು ನೋಡುತ್ತಾ ನಿಲ್ಲುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಕೈಕೆಲಸ ಅಂದರೆ ಅದು.

ನಾಲ್ಕನೇ ದಿನ ಮಧ್ಯಾಹ್ನ ಧೂಳುಗಾಳಿ ಎದ್ದಿತು. ಅವರು ಮಕ್ಕಳನ್ನು ಶಾಲೆಯಿಂದ ತರಲು ಹೋಗಿದ್ದರು. ನಾನು ತೆಂಗಿನಕಾಯಿ ತುರಿಯುತ್ತಾ ಇದ್ದೆ. ಬಚ್ಚಲಿನ ಕಿಟಕಿ ತೆರೆದಿದೆ, ಹಸಿ ಔಷಧದ ಮೇಲೆ ಮರಳು ಕೂತರೆ ಎಲ್ಲ ಹಾಳು ಅಂತ ಓಡಿದೆ. ಮುಟ್ಟಬಾರದು ಅಂತ ಗೊತ್ತಿತ್ತು, ತಂತಿ ಹಿಡಿದೇ ಎತ್ತಿದೆ. ಅದು ಗಾಳಿಗೆ ಗಿರ್ರನೆ ತಿರುಗಿತು. ಗೋಡೆಗೆ ಬಡಿಯುತ್ತದೆ ಅಂತ ಹೆಬ್ಬೆರಳಿನಿಂದ ತಡೆದೆ. ಒಂದೇ ಬೆರಳು, ಒಂದೇ ಸಲ. ಗುಂಡು ತಡೆಯುವ ಸಣ್ಣ ಚಿಲಕದಂಥ ಕೀಲಿ ಒಂದು ಬದಿಯಲ್ಲಿ ಮಾತ್ರ ಇತ್ತು, ಆ ಬದಿಯಲ್ಲಿ. ಒಳಗೆ ತಂದು ಅಡುಗೆಮನೆಯ ಕಪಾಟಿನಲ್ಲಿ ತೂಗುಹಾಕಿದೆ.

ಅವರು ಬಂದ ಕೂಡಲೇ ನಾನೇ ಹೇಳಿದೆ. ತೆಂಗಿನಕಾಯಿ ತುರಿದ ಎಣ್ಣೆ ಕೈ ತಾಗಿತು ಅಂತ. ಪಾತ್ರೆಯಲ್ಲಿ ಕುದಿಸಿ ತೆಗೆದಾಗ ಅಲ್ಲಿ ಕಪ್ಪು ಹಿಡಿದಿರಲಿಲ್ಲ. ಹೆಬ್ಬೆರಳಿನ ಗಾತ್ರದ ಬೆಳ್ಳಿ ಚುಕ್ಕೆ. ಲೋಹದ ಮೇಲೆ ಉಸಿರು ಬಿಟ್ಟರೆ ಬೈಯುವ ಮನುಷ್ಯ. ನಾನು ಬೈಸಿಕೊಳ್ಳಲು ತಯಾರಾಗಿ ನಿಂತಿದ್ದೆ. ಅವರು ನಕ್ಕರು. ಭುಜ ಅಲ್ಲಾಡಿತು. "ಬಿಡಿ ಅಕ್ಕ, ನಾನು ಅಲ್ಲಿಗೆ ಮಾತ್ರ ಇನ್ನೊಮ್ಮೆ ಹಚ್ಚುತ್ತೇನೆ. ಈಗ ಕಾಣುವುದಿಲ್ಲ. ತೇಪೆ ಹಾಕಿದ ಜಾಗ ವರ್ಷ ಕಳೆದ ಮೇಲೆ ತಾನಾಗಿ ಎದ್ದು ಕಾಣ್ತದೆ, ಅಷ್ಟೇ" ಅಂದರು. ಎಂಥ ದೊಡ್ಡ ಮನಸ್ಸು ಅಂತ ನಾನು ಅಂದುಕೊಂಡೆ.

ಕೆಲಸ ಮುಗಿದು ಎಣ್ಣೆ ಒರೆಸಿದಾಗ ಆ ಪಿಸ್ತೂಲು ನವಿಲಿನ ಕುತ್ತಿಗೆಯ ಕಪ್ಪು. ಟವೆಲಿನಲ್ಲಿ ಸುತ್ತಿ ಬಾಬಾರಿಗೆ ಕೊಟ್ಟರು. ನಾನು ಅಡುಗೆಮನೆಯಲ್ಲಿ ಇದ್ದೆ. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದರು. ದಿವಾನಿಯಾಕ್ಕೆ ಹೆಂಗಸರು ಹೋಗುವ ಪದ್ಧತಿ ಇಲ್ಲ, ಬಾಗಿಲಲ್ಲಿ ನಿಂತೆ. ಬಾಬಾ ಪಿಸ್ತೂಲನ್ನು ದೀಪದ ಕೆಳಗೆ ಹಿಡಿದಿದ್ದರು. ಮುಖದಲ್ಲಿ ರಕ್ತ ಇರಲಿಲ್ಲ. ಡ್ರೈವರ್ ಗೋಡೆ ಬದಿ ನಿಂತು ನೆಲ ನೋಡುತ್ತಿದ್ದರು.

ಬಾಬಾ ಕೇಳಿದ್ದು ಒಂದೇ ಪ್ರಶ್ನೆ. "ನೀನು ಇದನ್ನು ಮುಟ್ಟಿದ್ದೀಯಾ?"

ನಾನು ಹೌದು ಅಂದೆ. ಮುಟ್ಟಿದ್ದೆನಲ್ಲ. ಸುಳ್ಳು ಹೇಳಿ ಅಭ್ಯಾಸ ಇಲ್ಲ. ಕ್ಷಮಿಸಿ ಬಾಬಾ, ಎಣ್ಣೆ ಕೈ ಆಗಿತ್ತು, ತಪ್ಪಾಯಿತು ಅಂದೆ. ನನ್ನ ತಲೆಯಲ್ಲಿ ಇದ್ದದ್ದು ಆ ಬೆಳ್ಳಿ ಚುಕ್ಕೆ. ಬಾಬಾರ ತಲೆಯಲ್ಲಿ ಇದ್ದದ್ದು ಅಪ್ಪನ ಹೆಸರು. ಅದು ಹೋಗಿತ್ತು. ಮೊಳೆಯಲ್ಲಿ ಗೀಚಿದ ಗೀರು ಒಂದೂ ಉಳಿದಿರಲಿಲ್ಲ, ಅಲ್ಲಿ ಬರೀ ನುಣುಪು. ಬಾಬಾ ಬೈಯಲಿಲ್ಲ. "ಖಲಾಸ್" ಅಂದರು. ಅಷ್ಟೇ. ಹದಿನಾರು ವರ್ಷ ಆ ಮನೆಯಲ್ಲಿ ಬೇಯಿಸಿದ್ದೆ, ಮೂರು ಮಕ್ಕಳು ನನ್ನ ತೊಡೆಯ ಮೇಲೆ ಮಲಗಿ ದೊಡ್ಡವರಾಗಿದ್ದರು. ಮದುವೆ ಹುಡುಗಿ ತಲೆ ಬಾಚಲು ನನ್ನನ್ನೇ ಕರೆಯುತ್ತೇನೆ ಅಂದಿದ್ದಳು. ಮದುವೆಗೆ ಹತ್ತು ದಿನ ಇರುವಾಗ ನನ್ನ ಇಕಾಮಾ, ಇಲ್ಲಿ ಇರುವ ಪರವಾನಗಿ, ರದ್ದು ಮಾಡಿ ಮಂಗಳೂರಿಗೆ ಕಳಿಸಿದರು. ಮಾಮಾ ಹೊರಗೆ ಬರಲಿಲ್ಲ.

ಏರ್‌ಪೋರ್ಟಿಗೆ ಬಿಟ್ಟವರು ಆ ಡ್ರೈವರೇ. ಹೆಸರು ಅಳಿದುಹೋದ ವಿಷಯ ದಾರಿಯಲ್ಲಿ ಅವರೇ ಹೇಳಿದರು. ನಾನು ಕೇಳಿದೆ, ನನ್ನ ಬೆರಳು ತಾಗಿದ್ದಕ್ಕೆ ಹೆಸರು ಹೇಗೆ ಹೋಗುತ್ತದೆ ಅಂತ. ಕಾರು ಓಡಿಸುತ್ತಲೇ ಹೇಳಿದರು: "ಎಣ್ಣೆ ಕೂತಲ್ಲಿ ಔಷಧ ಹರಡಿ ಹೋಗಿ ಕಬ್ಬಿಣವನ್ನು ತಿಂತದೆ ಅಕ್ಕ. ಅಕ್ಷರದ ಗೀರು ತೆಳು ಇತ್ತಲ್ಲ, ಅದನ್ನೂ ತಿಂದಿತು. ನಿಮ್ಮದೇನು ತಪ್ಪು, ನಿಮಗೆ ಗೊತ್ತಿರಲಿಲ್ಲ." ನಾನು ನಂಬಿದೆ. ಕಬ್ಬಿಣದ ವಿಷಯದಲ್ಲಿ ಅವರನ್ನು ನಂಬದೆ ಯಾರನ್ನು ನಂಬಲಿ?

ಒಂದು ವರ್ಷ ಊರಲ್ಲಿದ್ದೆ. ಆಮೇಲೆ ಮಗಳು ಇಲ್ಲಿ ನರ್ಸಾಗಿ ಬಂದು, ನನ್ನನ್ನು ತನ್ನ ವೀಸಾದಲ್ಲಿ ಖೈತಾನಿಗೆ ಕರೆಸಿಕೊಂಡಳು. ನಾನು ಬಂದದ್ದು ಗೊತ್ತಾದ ಮೊದಲನೇ ಶುಕ್ರವಾರವೇ ಅವರು ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಜುಬೈದಿ ಮೀನು, ನಮ್ಮ ಮಾಂಜಿಯೇ ಅದು. ಇನ್ನೊಂದು ಕೈಯಲ್ಲಿ ಹೊಸ ಪಾತ್ರೆ. "ನಿಮ್ಮ ಸನ್ನದ ಪಾತ್ರೆ ನಾನು ಕೆಡಿಸಿದ್ದೆ" ಅಂದರು. ದೊಡ್ಡ ಪಾತ್ರೆ, ದಪ್ಪ ತಳ, ಒಮ್ಮೆಗೆ ನಲವತ್ತು ಸನ್ನ ಬೇಯುವಂಥದ್ದು. ಆ ಪಾತ್ರೆಯಿಂದಲೇ ನನ್ನ ಶುಕ್ರವಾರದ ಅಡುಗೆ ಸುರುವಾಯಿತು. ಗಿರಾಕಿಗಳನ್ನು ಕಳಿಸಿದವರೂ ಅವರೇ. ಸಂಘದ ಊಟ, ನಾಮಕರಣ, ಮದುವೆ ವಾರ್ಷಿಕೋತ್ಸವ, ಎಲ್ಲದಕ್ಕೂ ನನ್ನ ಹೆಸರು ಹೇಳುತ್ತಿದ್ದರು. ಮೊಮ್ಮಗಳು ಅವರನ್ನು ಫಿಶ್ ಅಂಕಲ್ ಅನ್ನುತ್ತಿದ್ದಳು. ಅವರು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು, ಅವರು ಭುಜ ಅಲ್ಲಾಡಿಸಿ ನಗುವುದು.

ಇಷ್ಟನ್ನೂ ನೀವೆಲ್ಲ ನೋಡಿದ್ದೀರಿ. ಅದಕ್ಕೇ ನಾನು ಅವರಿಗೆ ಹತ್ತಿರ ಅಂತೀರಿ.

ಪಿಸ್ತೂಲಿನ ಕತೆಯನ್ನು ನಾನು ಮುಚ್ಚಿಟ್ಟಿರಲಿಲ್ಲ. ನನ್ನ ಎಣ್ಣೆ ಕೈ ಒಬ್ಬರ ಅಪ್ಪನ ಹೆಸರನ್ನೇ ಅಳಿಸಿತು ಅಂತ ನನ್ನನ್ನೇ ಹಾಸ್ಯ ಮಾಡಿಕೊಂಡು ಹೇಳುತ್ತಿದ್ದೆ. ಹೊರಗೆ ಹಾಸ್ಯ. ಒಳಗೆ ಹಾಗಿರಲಿಲ್ಲ. ಪಾಪನಿವೇದನೆಗೆ ಹೋದಾಗೆಲ್ಲ ಪಾದ್ರಿಗಳಿಗೆ ಇದನ್ನೇ ಹೇಳುತ್ತಿದ್ದೆ. ಗೊತ್ತಿಲ್ಲದೆ ಮಾಡಿದ್ದು ಪಾಪ ಅಲ್ಲ ಅಂತ ಅವರೂ ಹೇಳಿ ಹೇಳಿ ಸುಸ್ತಾಗಿದ್ದರು.

ಎರಡು ವರ್ಷದ ಹಿಂದೆ ಒಂದು ದಿನ ಊಟದ ಹೊತ್ತಿಗೆ ಅಳಿಯನಿಗೆ ಈ ಕತೆ ಹೇಳಿದೆ. ಅಳಿಯ ಅಹ್ಮದಿಯಲ್ಲಿ ಒಂದು ವರ್ಕ್‌ಶಾಪಿನಲ್ಲಿ ಲೋಹ ಕಡೆಯುವ ಕೆಲಸದಲ್ಲಿದ್ದಾನೆ. ತಿನ್ನುತ್ತಿದ್ದವನು ನಿಲ್ಲಿಸಿದ.

"ಅತ್ತೆ, ತಿಕ್ಕಿದ್ದು ಮೊದಲಾ, ಕಪ್ಪು ಹಾಕಿದ್ದು ಮೊದಲಾ?"

"ತಿಕ್ಕಿದ್ದು ಮೊದಲು. ಎರಡು ದಿನ ತಿಕ್ಕಿದರು."

"ಹಾಗಾದರೆ ನೀವು ಮುಟ್ಟುವ ಮೊದಲೇ ಹೆಸರು ಹೋಗಿದೆ. ಎಣ್ಣೆ ಎಂತ ಮಾಡ್ತದೆ ಅಂದರೆ ಔಷಧ ತಾಗಲಿಕ್ಕೆ ಬಿಡುವುದಿಲ್ಲ. ಎಣ್ಣೆ ಇದ್ದಲ್ಲಿ ಕಬ್ಬಿಣ ಇದ್ದ ಹಾಗೆ ಉಳೀತದೆ. ಅಕ್ಷರ ಹೋಗಬೇಕಾದರೆ ಯಾರಾದರೂ ತಿಕ್ಕಿ ತೆಗೀಬೇಕು."

ಅವನು ಮತ್ತೆ ಊಟ ಸುರು ಮಾಡಿದ. ನನಗೆ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಮುಂದಿನ ಶುಕ್ರವಾರ ಅವರು ಮೀನು ತಂದರು. ನಾನು ಮೀನು ತೆಗೆದುಕೊಳ್ಳಲಿಲ್ಲ. ಅಷ್ಟು ವರ್ಷ ನಾವು ಒಬ್ಬರಿಗೊಬ್ಬರು ನೀವು ಅಂತಲೇ ಮಾತಾಡಿದವರು. ಆ ದಿನ ನನ್ನ ಬಾಯಿಂದ ನೀನು ಅಂತ ಬಂತು.

"ನೀನು ತಿಕ್ಕುವಾಗ ಹೆಸರು ಹೋದದ್ದಲ್ಲವಾ?"

ಅವರು ಮೀನಿನ ಚೀಲ ನೆಲದ ಮೇಲಿಟ್ಟರು. ಸಿಂಕಿನ ಹತ್ತಿರ ಹೋಗಿ ಕೈ ತೊಳೆಯತೊಡಗಿದರು. ಮೊಣಕೈವರೆಗೆ. ಬೆನ್ನು ನನ್ನ ಕಡೆ. ಹಾಗೆಯೇ ಹೇಳಿದರು, ಮುಖ ತೋರಿಸಲಿಲ್ಲ. ತುಕ್ಕಿನ ಕೆಳಗೆ ಗೀರು ಗೀರು ಕಂಡಿತ್ತಂತೆ. ಅರಬ್ಬಿ ಓದಲಿಕ್ಕೆ ಬರುವುದಿಲ್ಲ, ಯಾವುದೋ ಹಳೆ ಗೀರು ಅಂತ ತಿಕ್ಕಿದರಂತೆ. ಬಾಬಾ ಎಲ್ಲಿ ಹೆಸರು ಅಂತ ಕೇಳಿದಾಗ ಬಾಯಿಗೆ ಬಂದದ್ದು, ಅಡುಗೆಯವಳು ಕೈ ಹಾಕಿದ್ದಳು ಅಂತ.

"ನಿಮ್ಮನ್ನು ಕಳಿಸ್ತಾರೆ ಅಂತ ನಾನು ಅಂದುಕೊಳ್ಳಲಿಲ್ಲ ಅಕ್ಕ. ಅವರ ಮಕ್ಕಳನ್ನು ಸಾಕಿದವರು ನೀವು. ನಾಲ್ಕು ಮಾತು ಬೈದು ಬಿಡ್ತಾರೆ ಅಂದುಕೊಂಡೆ. ನಾನಾದರೆ ಆ ದಿನವೇ ಹೋಗುತ್ತಿದ್ದೆ."

"ನಾನು ಬೆರಳು ತಾಗಿಸಿದೆ ಅಂದ ದಿನ ನಕ್ಕೆಯಲ್ಲ. ಆಗಲೇ ನಿನಗೆ ಆ ಗೀರಿನ ಅನುಮಾನ ಇತ್ತಾ?"

ಅವರು ಇನ್ನೊಮ್ಮೆ ಸಾಬೂನು ತೆಗೆದುಕೊಂಡರು. ನಲ್ಲಿ ಓಡುತ್ತಲೇ ಇತ್ತು.

ನನಗೆ ಅವರಿಂದ ಬೇರೇನೂ ಬೇಕಿರಲಿಲ್ಲ. ಒಂದು ಮಾತು. ಬಾಬಾರ ಮುಂದೆ ಹೋಗಿ, ಹೆಸರು ಅಳಿಸಿದ್ದು ನಾನು, ಅವಳಲ್ಲ ಅಂತ ಹೇಳಬೇಕು. ಅಷ್ಟು ಸಾಕು ಅಂದೆ. ಒಪ್ಪಿದರು. ಆದರೆ ಊರಲ್ಲಿ ತನ್ನ ಮಗಳ ಮದುವೆ ನಿಶ್ಚಯ ಆಗಿದೆ, ಅದು ಕಳೆಯಲಿ, ಅಲ್ಲಿವರೆಗೆ ಈ ಕೆಲಸ ಬೇಕು ಅಂದರು. ನಾನೂ ಹೆಣ್ಣು ಮಗಳನ್ನು ಸಾಕಿದವಳು. ಆಯಿತು ಅಂದೆ. ಮದುವೆ ಕಳೆಯಿತು. ನಾನು ಫೋನು ಮಾಡಿದೆ. ಬಾಬಾರಿಗೆ ಮೈ ಸರಿಯಿಲ್ಲ, ಸುಧಾರಿಸಲಿ ಅಂದರು. ಸುಧಾರಿಸಿದರು. ಆಗ ಇಕಾಮಾ ಮುಗಿಯಲು ಆರು ತಿಂಗಳಿದೆ, ಊರಿಗೆ ಹೊರಡುವ ದಿನ ಹೇಳಿಯೇ ಹೊರಡುತ್ತೇನೆ, ಸತ್ಯವಾಗಿ ಅಂದರು. ನಂತರ ಅವರು ಶುಕ್ರವಾರ ಬರುವುದು ನಿಂತಿತು. ಮೀನು ಮಾತ್ರ ಯಾರ ಕೈಯಲ್ಲಾದರೂ ಬರುತ್ತಿತ್ತು. ನಾನು ಕೆಳಗಿನ ಮನೆಯವರಿಗೆ ಕೊಟ್ಟುಬಿಡುತ್ತಿದ್ದೆ.

ಈಗ ಮೂರು ತಿಂಗಳ ಹಿಂದೆ ಅವರು ಕಾರಿನ ಸ್ಟೇರಿಂಗಿನ ಮೇಲೆಯೇ ತಲೆ ಇಟ್ಟರು. ಸಿಗ್ನಲ್ಲಿನಲ್ಲಿ ನಿಂತಿದ್ದಾಗ. ಆಸ್ಪತ್ರೆಗೆ ತಲುಪುವಾಗ ಮುಗಿದಿತ್ತು. ದೇಹ ವಿಮಾನದಲ್ಲಿ ಊರಿಗೆ ಹೋಯಿತು. ಒಂದು ಮಾತು ಇಲ್ಲಿಯೇ ಉಳಿಯಿತು.

ಸಭೆ ಮುಗಿದ ಮರುದಿನ ನಾನು ಅಳಿಯನಿಗೆ ಹೇಳಿದೆ, ನನ್ನನ್ನು ರುಮೈಥಿಯಾಕ್ಕೆ ಬಿಡು ಅಂತ. ಬೇಡ ಅತ್ತೆ, ಹಳೆಯದು ಯಾಕೆ ಅಂದ. ಹಳೆಯದು ನಿನಗೆ ಅಂದೆ.

ಹನ್ನೊಂದು ವರ್ಷದ ನಂತರ ಆ ಗೇಟು. ಬೋರೆ ಮರ ಹಾಗೇ ಇತ್ತು. ಮಾಮಾ ನನ್ನನ್ನು ನೋಡಿ ಒಂದು ಕ್ಷಣ ನಿಂತರು, ಆಮೇಲೆ ಕೆನ್ನೆಗೆ ಕೆನ್ನೆ ತಾಗಿಸಿದರು. ಬಾಬಾ ಕೋಲು ಹಿಡಿದು ಬಂದರು. ತುಂಬ ಇಳಿದು ಹೋಗಿದ್ದರು, ಕಣ್ಣು ಮಾತ್ರ ಅದೇ. ನನ್ನ ಮುರುಕು ಅರಬ್ಬಿಯಲ್ಲಿ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು.

"ಅವನು ಇದನ್ನು ಹೇಳಿದ್ದು ಯಾರ ಮುಂದೆ?"

"ನನ್ನ ಮುಂದೆ."

"ಬೇರೆ ಯಾರಿದ್ದರು?"

"ಯಾರೂ ಇಲ್ಲ ಬಾಬಾ."

"ಅವನು ಸತ್ತಿದ್ದಾನೆ. ಸತ್ತವನ ಮೇಲೆ ಮಾತು ಹಾಕಬಾರದು." ಬೈದದ್ದಲ್ಲ, ಬುದ್ಧಿ ಹೇಳಿದ ಹಾಗೆ ಹೇಳಿದರು. ಮಾಮಾ ಚಹಾ ತಂದು ಇಟ್ಟರು. ಕುಡಿದು ಹೋಗು ಅನ್ನುವ ಚಹಾ.

ನಾನು ಕುಡಿಯಲಿಲ್ಲ. ಪಿಸ್ತೂಲು ಒಮ್ಮೆ ತೋರಿಸಿ ಅಂದೆ. ಬಾಬಾ ಕೋಲು ಊರಿದರು. ಎದ್ದು ಹೋಗಿ ತಂದರು. ಈಗ ಅದು ಬರೀ ನೋಡಲಿಕ್ಕೆ, ಒಳಗೆ ಏನೂ ಇಲ್ಲವಂತೆ. ಹೆಸರು ಇದ್ದದ್ದು ಎಲ್ಲಿ ಅಂತ ಕೇಳಿದೆ. ಬೆರಳಿನಿಂದ ತೋರಿಸಿದರು. ಕೀಲಿ ಇಲ್ಲದ ಬದಿ. ಅಲ್ಲಿ ಕಪ್ಪು ಒಂದೇ ಸಮ, ಕೊಳದ ನೀರಿನ ಹಾಗೆ, ಒಂದು ಕಲೆ ಇಲ್ಲ.

ತಿರುಗಿಸಿ ಅಂದೆ.

ತಿರುಗಿಸಿದರು. ಕೀಲಿಯ ಪಕ್ಕದಲ್ಲಿ ಒಂದು ಕಂದು ಕಲೆ. ತೇಪೆ ಹಾಕಿದ ಜಾಗ ಎದ್ದು ಕಂಡಿತ್ತು, ಅವರು ಹೇಳಿದ ಹಾಗೆಯೇ. ಬಾಬಾ ಅದನ್ನು ಇಷ್ಟು ವರ್ಷ ನೋಡುತ್ತಾ ಬಂದಿರಬೇಕು, ಸಮುದ್ರದ ಗಾಳಿ ಅಂತ ಬಿಟ್ಟಿರಬೇಕು. ನಾನು ಸೆರಗಿನಲ್ಲಿ ಕೈ ಒರೆಸಿಕೊಂಡೆ. ಹೆಬ್ಬೆರಳನ್ನು ಆ ಕಲೆಯ ಮೇಲೆ ಇಟ್ಟೆ. ಹೊಲಿದು ಕೊಟ್ಟ ಹಾಗೆ ಕೂತಿತು.

"ನಾನು ಮುಟ್ಟಿದ್ದು ಇಲ್ಲಿ ಬಾಬಾ. ನಿಮ್ಮ ಅಪ್ಪನ ಹೆಸರು ಆ ಕಡೆ."

ಬಾಬಾ ಪಿಸ್ತೂಲನ್ನು ಆ ಕಡೆ ತಿರುಗಿಸಿದರು. ಈ ಕಡೆ ತಿರುಗಿಸಿದರು. ಮತ್ತೆ ಆ ಕಡೆ. ಹಾಗಾದರೆ ಆವತ್ತು ನೀನು ಹೌದು ಅಂದದ್ದು ಯಾಕೆ ಅಂತ ಕೇಳಿದರು. ಮುಟ್ಟಿದ್ದೀಯಾ ಅಂತ ಕೇಳಿದಿರಿ, ಮುಟ್ಟಿದ್ದೆ ಅಂದೆ, ನೀವು ಅಳಿಸಿದ್ದೀಯಾ ಅಂತ ಕೇಳಲಿಲ್ಲ ಅಂದೆ. ಮಾಮಾ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಇಟ್ಟುಕೊಂಡಿದ್ದರು. ಬಾಬಾ ಕೊನೆಗೆ ಆರಿದ ಚಹಾ ತೆಗೆದುಕೊಂಡು ಹೋಗಿ ಬಿಸಿಯದ್ದು ತಾ ಅಂತ ಮಾಮಾರಿಗೆ ಹೇಳಿದರು. ಅದನ್ನು ಕುಡಿದೆ.

ತೀರಿಹೋದವರನ್ನು ನಾನು ಕ್ಷಮಿಸಿದ್ದೇನೆ ಅಂತ ಬರೆದರೆ ಸಂಚಿಕೆಗೆ ಚಂದ. ಬರೆಯುವುದಿಲ್ಲ. ಎಂಟೊಂಬತ್ತು ವರ್ಷ ನನ್ನದಲ್ಲದ ತಪ್ಪಿಗೆ ನಾನು ಮೊಣಕಾಲೂರಿದ್ದನ್ನು ಅವರು ಮೀನು ಹಿಡಿದುಕೊಂಡು ನೋಡುತ್ತಾ ಇದ್ದರು. ಪಾತ್ರೆ ಎಸೆದಿಲ್ಲ. ಒಳ್ಳೆಯ ಪಾತ್ರೆ, ನಾಳೆಯೂ ಅದರಲ್ಲೇ ಸನ್ನ.

ಇನ್ನೊಂದು ಮಾತು ಬರೆದು ನಿಲ್ಲಿಸುತ್ತೇನೆ, ವಿಷಯ ತಿದ್ದಬೇಡಿ ಅಂದವಳು ಇದನ್ನು ಬಿಡಬಾರದು. ಆ ಉಪ್ಪು ಗಾಳಿಯಲ್ಲಿ ಹನ್ನೊಂದು ವರ್ಷ ಇದ್ದ ಪಿಸ್ತೂಲಿನಲ್ಲಿ ನನ್ನ ಬೆರಳು ತಾಗಿದ ಜಾಗ ಬಿಟ್ಟರೆ ಎಲ್ಲಿಯೂ ಒಂದು ಚುಕ್ಕೆ ತುಕ್ಕು ಇರಲಿಲ್ಲ. ಅವರ ಕೆಲಸ ಅಂಥದ್ದು.